ಎಲೆ ಮಡಚುವ ದಿಕ್ಕು

ಬ್ಲ್ಯಾಕ್‌ಪೂಲ್, ಫೆಬ್ರವರಿ. ಸಮುದ್ರಕ್ಕೆ ಬೆನ್ನು ಹಾಕಿದ ಹೋಟೆಲು,
ಕಾರ್ಪೆಟ್ಟಿಗೆ ಹಳೆಯ ಬಿಯರಿನ ಕಲೆ, ಕಿಟಕಿಗೆ ಉಪ್ಪು.
ಬೆಳಿಗ್ಗೆ ನೂರಾ ಹನ್ನೆರಡು ಜನ ಕೂತಿದ್ದೆವು.
ಈಗ ಹನ್ನೊಂದೂಕಾಲು ರಾತ್ರಿ; ಹಸಿರು ಬಟ್ಟೆಯ ಸುತ್ತ
ನಾಲ್ವರು.

ಎದುರಿಗೆ ಹಿಂಡ್ಲ್, ಮಾಂಸದಂಗಡಿಯವನು, ಬಿಲ್ಲೆಗಳ ಗೋಡೆ ಕಟ್ಟಿಕೊಂಡು
ಒಂದನ್ನು ಬೆರಳ ಸಂದಿಯಲ್ಲಿ ಉರುಳಿಸುತ್ತಲೇ ಇರುತ್ತಾನೆ.
ಎಡಕ್ಕೆ ಕ್ಯಾಲಮ್, ಟೊಪ್ಪಿಗೆಯೊಳಗೆ ಮುಖ ಎಳೆದುಕೊಂಡ ಹುಡುಗ,
ಗಡ್ಡಕ್ಕಿಂತ ಮೊದಲು ಲೆಕ್ಕ ಬಂದವನು.
ಗ್ಲೆನಿಸಳ ಮುಂದೆ ಏಳೇ ಏಳು ಬಿಲ್ಲೆ. ಇನ್ನೆರಡು ಸುತ್ತು ತಿರುಗಿದರೆ
ಬ್ಲೈಂಡೇ ಅವಳನ್ನು ನುಂಗಿಬಿಡುತ್ತದೆ. ಅವಳೋ
ಡಬ್ಬಿ ತೆರೆದು ಎಲ್ಲರಿಗೂ ಪೆಪ್ಪರಮಿಂಟು ಕೊಡುತ್ತಾಳೆ,
ಮದುವೆಮನೆಯ ಯಜಮಾನಿಯ ಹಾಗೆ.

ನನಗೆ ಬಿದ್ದದ್ದು ಒಂಬತ್ತರ ಜೋಡಿ. ಇಸ್ಪೀಟು, ಕಳಾವರ್. ಎರಡೂ ಕಪ್ಪು.
ಹಿಂಡ್ಲ್ ಎರಡಂಗೈಯಿಂದ ಗೋಡೆಯನ್ನು ಮುಂದಕ್ಕೆ ನೂಕಿದ.
ಎಲ್ಲಾ, ಎಂದ.
ಹುಡುಗ ಬಿಟ್ಟ. ಗ್ಲೆನಿಸ್ ಬಿಟ್ಟಳು.
ಆಮೇಲೆ ಮೂರು ಮುಖ ನನ್ನ ಕಡೆ.

ಹತ್ತು ವರ್ಷದಿಂದ ಇದೇ ದಂಡೆಯ ಮೇಲೆ ಟ್ರಾಮ್ ಓಡಿಸುತ್ತೇನೆ.
ಟ್ರಾಮಿಗೆ ಸ್ಟಿಯರಿಂಗ್ ಇಲ್ಲ, ಪಕ್ಕಕ್ಕೆ ಸರಿದು ಪಾರಾಗಲಾಗದು.
ಹಳಿಯ ಮೇಲೆ ಬಂದದ್ದು ಮಗುವೋ, ಗಾಳಿಗೆ ಹಾರಿದ ಚಿಪ್ಸ್ ಕಾಗದವೋ,
ನಿಲ್ಲಿಸು, ಇಲ್ಲಾ ಹೋಗು: ನನ್ನ ಕೈಲಿರುವುದು ಇಷ್ಟೇ.
ನಿಂತ ಮೇಲೆ ಕಾಗದವೆಂದು ತಿಳಿದರೆ ಜನ ಬೈಯುತ್ತಾರೆ,
ಬಿದ್ದ ಚೀಲ ಎತ್ತಿಕೊಳ್ಳುತ್ತಾ.
ಬೈಯಲಿ. ಕಾಗದಕ್ಕೆ ಬ್ರೇಕ್ ಒತ್ತಿದ್ದಕ್ಕೆ
ಒಂದಿರುಳೂ ನಿದ್ದೆಗೆಟ್ಟವಳಲ್ಲ ನಾನು.

ಇಲ್ಲಿ ಹಾಗಲ್ಲ.
ನಾಲ್ಕನೆಯವರಿಗೆ ಒಂಬೈನೂರು ಪೌಂಡು, ಮೂರನೆಯವರಿಗೆ ಸಾವಿರದ ಆರುನೂರು.
ನಾನು ತೆಪ್ಪಗೆ ಕೂತರೆ ಮೊದಲು ಹೋಗುವವಳು ಗ್ಲೆನಿಸ್;
ಅಂದರೆ ನನ್ನ ಏಳುನೂರು ಪೌಂಡು
ಅವಳ ಪೆಪ್ಪರಮಿಂಟು ಡಬ್ಬಿಯಲ್ಲಿದೆ.
ಲೆಕ್ಕ ಸರಿ.
ಲೆಕ್ಕಕ್ಕೊಂದು ವಾಸನೆಯೂ ಇದೆ.

ಯಾರೋ ಗಡಿಯಾರ ಕೇಳಿದರು. ಮೂವತ್ತು ಸೆಕೆಂಡು.

ಹಿಂಡ್ಲನ ಕತ್ತಿನ ನರ ನೋಡಿದೆ. ಬೆಳಗಿನಿಂದಲೂ ಅದು ಹೀಗೇ ಮಿಡಿಯುತ್ತಿದೆ.
ಉರುಳುತ್ತಿದ್ದ ಬಿಲ್ಲೆ ಮಾತ್ರ ನಿಂತಿದೆ,
ಹೆದರಿಕೆಗೋ, ರಾಜರ ಜೋಡಿಯ ನೆಮ್ಮದಿಗೋ.

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ದೀಪಾವಳಿಯ ರಾತ್ರಿ,
ಚಾಪೆಯ ಮೇಲೆ ಎಲೆ ಹಂಚುತ್ತಾ ಅಂಬುಜತ್ತೆ ಹೇಳುತ್ತಿದ್ದಳು:
ಬಿಟ್ಟ ಎಲೆಯ ಹೊಟ್ಟೆ ಬಗೆಯಬೇಡ ಕಣೇ.
ಊಟದ ಎಲೆಗೂ ಅವಳದೇ ಪಾಠ:
ಮದುವೆಯೂಟವಾದರೆ ನಿನ್ನ ಕಡೆಗೆ ಮಡಚು, ಮತ್ತೆ ಬರುತ್ತೀಯ.
ತಿಥಿಯೂಟವಾದರೆ ಆಚೆಗೆ.
ಇಲ್ಲಿ ಒಂದೇ ದಿಕ್ಕು. ಬಿಡುವ ಎಲೆಯನ್ನು
ಆಚೆಗೇ ತಳ್ಳಬೇಕು.

ಆರು. ಐದು.

ತಳ್ಳಿದೆ.

ಹಿಂಡ್ಲ್ ತನ್ನೆಲೆ ತೋರಿಸಲಿಲ್ಲ. ತೋರಿಸಬೇಕೆಂಬ ನಿಯಮವಿಲ್ಲ.
ಹಂಚುವ ಹುಡುಗಿ ಅವನವನ್ನೂ ನನ್ನವನ್ನೂ ಒಂದೇ ರಾಶಿಗೆ ಬಳಿದು
ಅಂಗೈ ಅಗಲಿಸಿ ಕಲಸಿದಳು, ರೊಟ್ಟಿ ಹಿಟ್ಟು ಕಲಸುವಂತೆ,
ನಾನು ನೋಡುತ್ತಿದ್ದೆ, ನನ್ನ ಒಂಬತ್ತು ಎಲ್ಲಿ ಹೋಯಿತೆಂದು.

ಮುಂದಿನ ಕೈಯಲ್ಲಿ ಗ್ಲೆನಿಸ್ ಎಂಟು-ಮೂರರ ಮೇಲೆ
ಏಳೂ ಬಿಲ್ಲೆ ಇಟ್ಟು ಗೆದ್ದಳು. ಅದರ ಮುಂದಿನದರಲ್ಲೂ.
ಇಪ್ಪತ್ತು ನಿಮಿಷಕ್ಕೆ ನಾನು ಎದ್ದೆ, ನಾಲ್ಕನೆಯವಳಾಗಿ,
ಎಕ್ಕ-ರಾಣಿ ಹಿಡಿದು, ಯೋಚನೆಯೇ ಬೇಡದ ಎಲೆ ಹಿಡಿದು.
ಗ್ಲೆನಿಸ್ ಕೈ ಕುಲುಕಿ ಡಬ್ಬಿ ಚಾಚಿದಳು.
ಎರಡು ತೆಗೆದುಕೊಂಡೆ.

ಐದಕ್ಕೆ ಮೊದಲ ಟ್ರಾಮು. ಡಿಪೋದಲ್ಲಿ ಎಲ್ಲರೂ
ಗೆದ್ದೆಯಾ, ಎಷ್ಟು ಬಂತು, ಎಂದರು.
ಒಂಬತ್ತು ಬಿಟ್ಟದ್ದು ಸರಿಯೇ ಎಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ ಸರಿಯೆಂದೇ ಹೇಳುತ್ತಿದ್ದೆ,
ಬಾಯಲ್ಲಿ ಇನ್ನೂ ತಣ್ಣಗಿದ್ದ
ಅವಳ ಪೆಪ್ಪರಮಿಂಟನ್ನು ದವಡೆಗೆ ಸರಿಸಿ.