ಅರವತ್ತು ಚುಕ್ಕಿ

ಹೆಸರಿನ ಅರ್ಥ ದೋಣಿ,
ಊರಲ್ಲಿ ಕಣ್ಣಿಗೆ ಬೀಳುವ ಹೊಳೆಯೇ ಇಲ್ಲ.
ವುಚ್ ಪಟ್ಟಣದ ಈ ಕೆಂಪಿಟ್ಟಿಗೆಯ ವಠಾರದಲ್ಲಿ
ಮೂರನೇ ಮಹಡಿ ನಾನು, ಎದುರು ಬಾಗಿಲು ಗೆನೊವೆಫಾ.
ಅವಳಿಗೆ ಬಂದ ಕಾಗದ ಓದಿ ಹೇಳುವುದು ನನ್ನ ಕೆಲಸ;
ಸಂಬಳ, ಒಂದು ಲೋಟ ಕಪ್ಪು ಚಹ
ಮತ್ತು ಎರಡು ಬೈಗುಳ.

ಮೂವತ್ತೊಂದು ವರ್ಷ ಗಿರಣಿಯಲ್ಲಿ ನೇಯ್ದವಳು.
ತೂತು ಹೊಡೆದ ರಟ್ಟುಗಳ ಮಾಲೆ
ಮಗ್ಗದ ನೆತ್ತಿಯಲ್ಲಿ ಸುತ್ತುತ್ತಿತ್ತಂತೆ;
ತೂತಿದ್ದಲ್ಲಿ ಎಳೆ ಏಳಬೇಕು, ಇಲ್ಲದಲ್ಲಿ ಮಲಗಬೇಕು,
ಅಷ್ಟೇ ಕಾನೂನು.
ಹೌದು, ಇಲ್ಲ, ಹೌದು, ಹೌದು, ಇಲ್ಲ
ಅನ್ನುತ್ತ ಅನ್ನುತ್ತಲೇ ಗುಲಾಬಿ,
ಮೀಟರಿಗೆ ಹದಿನಾಲ್ಕು.
"ರಟ್ಟು ಗಿರಣಿಯದು," ಅನ್ನುತ್ತಾಳೆ, "ಬೆರಳು ನನ್ನದು.
ಹರಿದರೆ ಹಿಟ್ಟಿನ ಅಂಟು ಹಚ್ಚಿ ನಾನೇ ಮುಚ್ಚುತ್ತಿದ್ದೆ.
ಒಮ್ಮೆ ಮೇಸ್ತ್ರಿಯ ಮೇಲಿನ ಸಿಟ್ಟಿಗೆ
ಒಂದು ತೂತು ಹೆಚ್ಚು ಹೊಡೆದೆ:
ಥಾನಿನ ಉದ್ದಕ್ಕೂ ಗುಲಾಬಿಗೊಂದು ಸೊಟ್ಟ ಮುಳ್ಳು.
ಅದೇ ಮೊದಲು ಮಾರಾಟವಾಯಿತು!"

ಕಣ್ಣು ಹೋದದ್ದು ನಿಧಾನ,
ಅಂಚಿನಿಂದ ಒಳಕ್ಕೆ, ಪರದೆ ಸವೆದ ಹಾಗೆ.
ಎಪ್ಪತ್ತರ ಹೊತ್ತಿಗೆ ಕಂಪನಿಯವರು ಬಂದರು,
ಕಣ್ಣಿನ ಹಿಂದೆ ಅಕ್ಕಿಕಾಳಿನಷ್ಟು ತಗಡು ಕೂರಿಸಿದರು,
ಕ್ಯಾಮೆರಾದ ಕನ್ನಡಕ, ಸೊಂಟಕ್ಕೊಂದು ಡಬ್ಬಿ.
ಅರವತ್ತು ಚುಕ್ಕಿ ಬೆಳಕು.
ಅರವತ್ತೇ.
ಅದರಲ್ಲೇ ಕಿಟಕಿ ಯಾವುದು ಗೋಡೆ ಯಾವುದು,
ಬಾಗಿಲಲ್ಲಿ ನಿಂತ ನೆರಳು ಬಂತೋ ಹೋಯಿತೋ
ಬಿಡಿಸಿಕೊಂಡಳು, ನೇಕಾರಳಲ್ಲವೇ.
ಪತ್ರಿಕೆಯವರು ಫೋಟೊ ತೆಗೆದರು.
ಕಂಪನಿಯ ಹುಡುಗ ಕೇಕು ತಂದ.

ಈ ಫೆಬ್ರವರಿಯ ಒಂದು ಬೆಳಿಗ್ಗೆ, ಮೆಟ್ಟಿಲ ನಡುವೆ,
ಕೈಯಲ್ಲಿ ಬೀಟ್ರೂಟಿನ ಚೀಲ,
ಡಬ್ಬಿ ಮೂರು ಸಲ ಕೂಗಿತು.
ಅರವತ್ತೂ ಒಟ್ಟಿಗೆ ಆರಿದವು.
ಬೀಟ್ರೂಟು ಒಂದೊಂದಾಗಿ ಕೆಳಗಿಳಿಯುವ ಸದ್ದು
ನನಗೆ ಒಳಗೇ ಕೇಳಿಸಿತು.

ಟ್ರಾಮ್ ಡಿಪೋ ಹಿಂದಿನ ಝೆನೋನ್, ರೇಡಿಯೋ ರಿಪೇರಿಯವನು,
ಡಬ್ಬಿ ಬಿಚ್ಚಿದ, ಸಡಿಲ ತಂತಿಗೆ ಬೆಸುಗೆ ಹಾಕಿದ,
ಕರೆಂಟು ಹರಿಯಿತು.
ಆದರೆ ಅದು ಬೆಳಗುವ ಮುಂಚೆ
ಎಲ್ಲೋ ದೂರದ ಯಂತ್ರವೊಂದನ್ನು ಕೇಳಬೇಕಂತೆ,
ಆ ಯಂತ್ರ ಹೂಂ ಅನ್ನಬೇಕಂತೆ.
ಅಲ್ಲಿ ಹೂಂ ಅನ್ನಲು ಯಾರೂ ಉಳಿದಿಲ್ಲ.
"ಡಬ್ಬಿ ಸರಿಯಾಗಿದೆ, ಅಜ್ಜಿ," ಅಂದ,
"ಕೆಟ್ಟಿರುವುದು ಅಪ್ಪಣೆ."
ದುಡ್ಡು ಮುಟ್ಟಲಿಲ್ಲ.

ಇವತ್ತಿನ ಕಾಗದ ದಪ್ಪ.
ಕಂಪನಿ ಮುಳುಗಿದೆ. ಹರಾಜಾದ ಆಸ್ತಿ:
ಕುರ್ಚಿ ನಲವತ್ತು, ಕಾಫಿ ಯಂತ್ರ ಎರಡು,
ಪೇಟೆಂಟು ಇಷ್ಟು, ಗುಪ್ತ ಸಂಖ್ಯೆಗಳ ಕಂತೆ ಒಂದು.
ಎಲ್ಲ ಕೊಂಡವರು ಒಬ್ಬರೇ,
ವಿಳಾಸದ ಜಾಗದಲ್ಲಿ ಬರೀ ಅಂಚೆಪೆಟ್ಟಿಗೆ.
ಕೆಳಗೆ ಇರುವೆ ಸಾಲಿನಂಥ ಅಕ್ಷರ:
ಬಳಕೆಯಲ್ಲಿರುವ ಸಾಧನಗಳಿಗೆ ಹೊಸ ಒಡೆಯರು ಹೊಣೆಯಲ್ಲ.

"ಬಳಕೆಯಲ್ಲಿರುವ ಸಾಧನ ಅಂದರೆ ಯಾರು?"

ನಾನು ಕಾಗದ ಮಡಚಿದೆ.

"ನನ್ನ ಕಣ್ಣೊಳಗೆ ಅವರ ಬೀಗ ಕೂತಿದೆ," ನಕ್ಕಳು,
"ಬಾಡಿಗೆಯನ್ನಾದರೂ ಕೇಳೋಣ. ಬರೆ."

ಬರೆದೆ. ತಿಂಗಳಿಗೆ ಇಷ್ಟು, ಫೆಬ್ರವರಿಯಿಂದ ಬಾಕಿ,
ಚಳಿಗಾಲದಲ್ಲಿ ಕಾಯಿಸಿದ ಖರ್ಚು ಬೇರೆ.
ಸಹಿಯ ಜಾಗಕ್ಕೆ ಅವಳ ಬೆರಳು ಹಿಡಿದಿಟ್ಟೆ.
ಕೈ ಬಿಡಿಸಿಕೊಂಡು, ರವಿಕೆಯಲ್ಲಿದ್ದ ಸೂಜಿ ತೆಗೆದು
ಹಾಳೆಯ ನಡುವೆ ಚುಚ್ಚಿದಳು,
ಕಿಟಕಿ ಇರಬಹುದಾದ ದಿಕ್ಕಿಗೆ ಎತ್ತಿ ಹಿಡಿದಳು.
"ಬೆಳಕು ಬರುತ್ತಿದೆಯಾ?"

ಬರುತ್ತಿದೆ, ಅಂದೆ.
ಹೊರಗೆ ಮೋಡವಿತ್ತು.