ಎಡಗಡೆಯ ಸ್ವಿಚ್ಚು

ಮೊದಲು ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ,
ಬಾವಿಗೂ ಬಚ್ಚಲಿಗೂ ನಡುವೆ
ಹದಿನೆಂಟಡಿ ಉದ್ದ, ಹನ್ನೆರಡಡಿ ಅಗಲ.
ಇಲ್ಲಿ ಲೇತು. ಇಲ್ಲಿ ಡ್ರಿಲ್ಲು.
ವೆಲ್ಡಿಂಗು ಬಾಗಿಲ ಬದಿಗೆ,
ಕಿಡಿ ಹಾರಿದರೆ ಅಂಗಳಕ್ಕೆ ಹಾರಲಿ.
ಸುಗುಣ ಬಂದು ಗೆರೆಯೊಳಗೆ ನಿಂತು ಕೇಳಿದಳು:
ಬಟ್ಟೆಯ ಹಗ್ಗ ಎಲ್ಲಿಗೆ?

ಅದು ನನ್ನ ನಕ್ಷೆಯಲ್ಲಿ ಇರಲಿಲ್ಲ.
ಚಪ್ಪಲಿಯಲ್ಲಿ ಗೆರೆ ಉಜ್ಜಿ ಒಂದೂವರೆ ಅಡಿ ಹಿಂದೆ ಸರಿದೆ.
ಕಾಟಿಪಳ್ಳದ ಐದು ಸೆಂಟ್ಸ್‌ನಲ್ಲಿ
ಒಂದೂವರೆ ಅಡಿ ಅಂದರೆ ಒಂದು ಬೆಂಚು ವೈಸು.

ಆಂಗ್ಲು ನಿಂತಿತು. ಶೀಟು ಕೂತಿತು.
ಸುರತ್ಕಲ್ಲಿನ ಕಡೆಯಿಂದ ಉಪ್ಪುಗಾಳಿ ಬಂದು
ಒಂದೇ ರಾತ್ರಿಯಲ್ಲಿ ಕತ್ತರಿಸಿದ ತುದಿಗಳನ್ನೆಲ್ಲ
ಕೆಂಪಾಗಿ ನೆಕ್ಕಿ ಹೋಯಿತು.

ವಯರಿಂಗಿಗೆ ಇದಿನಬ್ಬಾಕ.
ಬೀಡಿ ಬಿಟ್ಟು ಮೂರು ವರ್ಷ,
ಈಗ ಬಾಯಲ್ಲಿ ಸದಾ ಒಂದು ತುಂಡು ಇನ್ಸುಲೇಶನ್ ಟೇಪು.
ಕಂಬ ಮುಟ್ಟಿ ನೋಡಿ ಹೇಳಿದರು:
‘ಇದು ಮನೆಯ ಹಾಗಲ್ಲ ಮಾರಾಯ.
ಮನೆಯಲ್ಲಿ ತಂತಿ ಗೋಡೆಯೊಳಗೆ ಉಂಟು.
ಇಲ್ಲಿ ಗೋಡೆಯೇ ತಂತಿ.
ಒಂದು ಕಡೆ ಸಿಪ್ಪೆ ಸುಲಿದರೆ
ಬಾಗಿಲ ಚಿಲಕವೂ ಕಚ್ಚುತ್ತದೆ.’

ಶೀಟು ತೂತಾದಲ್ಲೆಲ್ಲ ರಬ್ಬರು ಬುಶ್ಶು.
ಅರ್ತಿಂಗಿಗೆ ಎರಡು ಗುಂಡಿ.
ಮುರಕಲ್ಲು ಪಿಕಾಸಿಗೆ ಬಗ್ಗಲಿಲ್ಲ, ಎರಡು ದಿನ ಹಿಡಿಯಿತು.
ಇದ್ದಲು, ಉಪ್ಪು, ಇದ್ದಲು, ಉಪ್ಪು,
ಮಧ್ಯೆ ನೆಟ್ಟಗೆ ಪೈಪು.
‘ಈ ಮಣ್ಣು ನೀರು ಹಿಡಿಯುವುದಿಲ್ಲ,
ಬೇಸಗೆಯಲ್ಲಿ ದಿನಕ್ಕೊಂದು ಕೊಡ ಹೊಯ್ಯಬೇಕು’ ಅಂದರು.
‘ಬಂಗುಡೆ ತೊಳೆದ ನೀರು ಆಗುತ್ತದಾ?’ ಸುಗುಣ.
‘ಧಾರಾಳ. ಕರೆಂಟಿಗೆ ಮಡಿ ಇಲ್ಲ.’

ಸಂಜೆ ಬಂದು ನೋಡುತ್ತೇನೆ:
ಲೇತಿನ ಸ್ವಿಚ್ಚು ಬಲಗಡೆಗೆ ಕೂತಿದೆ,
ನಾಲ್ಕು ಸ್ಕ್ರೂ, ನೀಟಾಗಿ, ಲೆವೆಲ್ಲಿಗೆ.

ಎಡಕ್ಕೆ ಹಾಕಿ, ಅಂದೆ.
‘ಎಡಕ್ಕೆ ಯಾರು ಹಾಕುತ್ತಾರೆ?’
ನಾನು ಕೈ ತೋರಿಸಿದೆ.

ಬೈಕಂಪಾಡಿಯಲ್ಲಿ ಇಪ್ಪತ್ತೆರಡು ವರ್ಷ
ಬೋಟಿನ ಶಾಫ್ಟು, ಪಂಪಿನ ಬುಶ್ಶು,
ಬೇರೆಯವರ ಕಬ್ಬಿಣ ಬೇರೆಯವರ ಅಳತೆಗೆ.
ಯಾವ ಯಂತ್ರಕ್ಕೂ ನಾನು ಎಡಚನೆಂದು ಗೊತ್ತಿರಲಿಲ್ಲ.
ಶಾಲೆಯಲ್ಲಿ ಗೊತ್ತಿತ್ತು, ರೂಲು ಕೋಲಿಗೆ.
ಮದುವೆಯೂಟದಲ್ಲಿ ಗೊತ್ತಿತ್ತು, ಪಕ್ಕದ ಎಲೆಯವರಿಗೆ.
ಯಂತ್ರ ಮಾತ್ರ ಕೇಳಲೇ ಇಲ್ಲ.
ಆ ದಿನ ಶಾಫ್ಟು ಅದುರಿತು, ಆಫ್ ಮಾಡಬೇಕು,
ಗಾಬರಿಯಲ್ಲಿ ನನ್ನ ಕೈ ನನ್ನದೇ ಕೈಯಾಯಿತು:
ತಿರುಗುವ ಚಕ್ಕಿನ ಮೇಲಿಂದ ದಾಟಿತು.
ಕಿರುಬೆರಳಿನ ಒಂದು ಗೆಣ್ಣು ವಾಪಸು ಬರಲಿಲ್ಲ.
‘ಕೆಲಸಗಾರನ ಅಜಾಗ್ರತೆ’
ಎಂದು ಬರೆದವರು ಬಲಗೈಯಲ್ಲಿ ಬರೆದಿದ್ದರು.

ಇದಿನಬ್ಬಾಕ ಏನೂ ಹೇಳಲಿಲ್ಲ.
ಟೇಪು ಉಗಿದು ಸ್ಕ್ರೂ ಬಿಚ್ಚಿದರು.
ಬಲಗಡೆಯ ಶೀಟಿನಲ್ಲಿ ನಾಲ್ಕು ತೂತು ಹಾಗೇ ಉಳಿದವು,
ಅದರಿಂದ ಬೆಳಗ್ಗೆ ನಾಲ್ಕು ಚುಕ್ಕಿ ಬಿಸಿಲು
ನೆಲಕ್ಕೆ ಬೀಳುತ್ತದೆ.

ತ್ರೀ ಫೇಸು ಬಂದ ದಿನ ಮೊದಲ ಬಾರಿಗೆ
ಕಣ್ಣು ಮುಚ್ಚಿಕೊಂಡು ಆಫ್ ಮಾಡಿದೆ.
ಮತ್ತೆ ಆನ್. ಮತ್ತೆ ಆಫ್.
ಸುಗುಣ ಅಡುಗೆಮನೆಯಿಂದ ಕೂಗಿದಳು,
ಕೆಟ್ಟುಹೋಯಿತಾ?

ಭಾನುವಾರ ಮಗಳು ನಿಂತಳು ಲೇತಿನ ಮುಂದೆ.
ಐಟಿಐ, ಟರ್ನರು, ಎರಡನೇ ವರ್ಷ.
ಜಡೆ ಟೊಪ್ಪಿಯೊಳಗೆ ತುರುಕಿ,
ತೋಳು ಮೊಣಕೈವರೆಗೆ ಮಡಚಿ,
ನಾನು ಕಲಿಸಿದ್ದಕ್ಕಿಂತ ಚೆಂದದ ಒಂದು ಫೇಸಿಂಗು ಹೊಡೆದಳು.
ಸುರುಳಿ ಸುರುಳಿ, ನೀಲಿ ಬಿದ್ದ ಸಿಬಿರು.
ಮುಗಿಸಿ, ತಲೆ ಎತ್ತದೆ,
ಅವಳ ಕೈ ಬಲಕ್ಕೆ ಹೋಯಿತು.
ಅಲ್ಲಿ ಬಿಸಿಲಿನ ನಾಲ್ಕು ತೂತು.
ಕೈ ಒಂದು ಕ್ಷಣ ಗಾಳಿಯಲ್ಲಿ ತಡಕಾಡಿತು.
ಆಮೇಲೆ ಎಡಕ್ಕೆ ಹೊರಳಿತು,

ಚಕ್ಕಿನ ಕಡೆಗೆ.

ನಾನು ಆಫ್ ಮಾಡಿದೆ.

ಇದಿನಬ್ಬಾಕನ ಫೋನು ಮೂರು ಸಲ ಬಿಜಿ.
ನಾಲ್ಕನೇ ಸಲಕ್ಕೆ ಎತ್ತಿ, ನಾನು ಬಾಯಿ ತೆರೆಯುವ ಮೊದಲೇ,
‘ವಯರು ಎರಡು ಮೀಟರು ಹೆಚ್ಚು ಬಿಟ್ಟಿದ್ದೇನೆ,’ ಅಂದರು,
‘ಪೆಟ್ಟಿಗೆಯ ಹಿಂದೆ ಸುತ್ತಿ ಇಟ್ಟದ್ದು ಉಂಟು ನೋಡು.’