ಗೋಡೆಯ ಬಾಡಿಗೆ

ಶಿಡ್ಲಘಟ್ಟದಲ್ಲಿ ಚಳಿ ಅಂದರೆ ಬೆಳಗಿನ ಜಾವದ್ದು.
ಹಿತ್ತಿಲ ಚಪ್ಪಡಿ ಬರಿಗಾಲನ್ನು ಕಚ್ಚತೊಡಗಿದ ದಿನ
ಕತ್ತರಿ ಹಿಡಿದು ಕೂತೆ.

ಏಳು ಕುಂಡ. ಕುಂಡವೆಂದರೆ
ಬಣ್ಣದ ಡಬ್ಬ ನಾಲ್ಕು, ಹಿಡಿ ಮುರಿದ ಬಕೆಟ್ಟು ಎರಡು,
ತಳ ಸುಟ್ಟ ಅನ್ನದ ತಪ್ಪಲೆ ಒಂದು.
ಬ್ಯಾಡಗಿ, ಗುಂಟೂರು, ಬಜ್ಜಿಯದು, ಉಂಡೆ,
ಆಕಾಶಕ್ಕೆ ಮುಖ ಮಾಡಿ ಕಾಯುವ ಸೂಜಿಮೆಣಸು,
ಖಾರವೇ ಇಲ್ಲದ ದೊಣ್ಣೆಮೆಣಸು (ಅದು ಹೆಂಡತಿಯ ಪಕ್ಷ),
ಮತ್ತೆ ಆ ಏಳನೆಯದು.

ಏಳನೆಯದಕ್ಕೆ ಹೆಸರಿಲ್ಲ.
ಗೂಡು ತಂದಿದ್ದ ಚೇಳೂರಿನ ರೈತನೊಬ್ಬ
ತೂಕದ ಚೀಟಿಯಲ್ಲಿ ಮಡಿಸಿ ಕೊಟ್ಟ ಬೀಜ.
“ಯಾವ ಜಾತಿಯಪ್ಪ?” ಅಂದರೆ
“ತಿಂದು ನೋಡಿ ಸಾರ್, ಅದೇ ಹೇಳುತ್ತೆ” ಅಂದ.
ಹೇಳಿತು. ಎರಡು ದಿನ ಹೇಳುತ್ತಲೇ ಇತ್ತು.
ಅಂದಿನಿಂದ ಅದು
ಲಾಟು ನಂಬರ್ ನೂರಾ ಹದಿನಾರು.

ಎಲೆ ಹೋಯಿತು, ಹೂ ಹೋಯಿತು, ಕಡೆಯ ಮಿಡಿಗಳೂ.
ಗೇಣುದ್ದದ ಕಾಂಡ, ತುದಿಗೆರಡು ಕವಲು,
ಚಾಟರಬಿಲ್ಲಿನ ಕವೆಯ ಹಾಗೆ.
ಗಾಯಕ್ಕೆ ಅರಿಸಿನ. ಬುಡಕ್ಕೆ ಚಿಟಿಕೆ ಬೂದಿ.
ಗಿರಿಜಾಂಬ ಬಾಗಿಲಲ್ಲಿ ನಿಂತು
“ಹಸಿರಾಗಿರೋದನ್ನ ಯಾಕ್ರೀ ಹಿಂಗೆ ಬೋಳಿಸ್ತೀರಿ,
ಹೊಸ ಸಸಿ ಐದು ರೂಪಾಯಿಗೆ ಸಿಗುತ್ತೆ” ಅಂದಳು.
ಸಿಗುತ್ತೆ. ಹಳೆ ಬೇರು ಸಿಗಲ್ಲ.

ಪಡುವಣ ಗೋಡೆಗೆ ಒರಗಿಸಿಟ್ಟೆ.
ಆಚೆಗೆ ಮುಬೀನಾಳ ಮನೆಯವರ ರೀಲಿಂಗ್ ಶೆಡ್ಡು.
ನಾಲ್ಕಕ್ಕೇ ಒಲೆ ಹೊತ್ತಿ, ಬಾಣಲೆಯಲ್ಲಿ ನೀರು ಕುದಿದು
ಗೋಡೆ ಬೆಚ್ಚಗಾಗುತ್ತದೆ,
ಹಾಲು ಕುಡಿದು ಮಲಗಿದ ಕೂಸಿನ ಬೆನ್ನಿನ ಹಾಗೆ.
ಬಾಡಿಗೆ: ಬೇಸಿಗೆಯಲ್ಲಿ ವಾರಕ್ಕೊಂದು ಬೊಗಸೆ ಕಾಯಿ.
ಗೋಡೆಯ ಮೇಲಿಟ್ಟ ಬಟ್ಟಲು ಖಾಲಿ ಮರಳುವುದಿಲ್ಲ.
ಒಮ್ಮೆ ಖರ್ಜೂರ,
ಒಮ್ಮೆ ಗಿಡಕ್ಕೆಂದು ಒಣಹುಳುವಿನ ಗೊಬ್ಬರ.

ಈ ಕಾಲದಲ್ಲಿ ನೀರು ಹೆಚ್ಚಾದರೆ ಬೇರು ಕೊಳೆಯುತ್ತದೆ.
ಮಣ್ಣು ಮುಟ್ಟಿ ನೋಡುವವರು ನೋಡಲಿ, ನಾನು ಎತ್ತಿ ನೋಡುತ್ತೇನೆ.
ಮೂವತ್ತೊಂದು ವರ್ಷ ಮಾರುಕಟ್ಟೆಯಲ್ಲಿ ಗೂಡು ತೂಗಿದ ಕೈ;
ಹಗುರವೆಂದರೆ ಎಷ್ಟು ಹಗುರ, ಅದಕ್ಕೆ ಗೊತ್ತು.
ತಟ್ಟೆಗೆ ಸುರಿದಾಗ ಗೂಡುಗಳು ಗಲಗಲ ಅನ್ನುತ್ತಿದ್ದವು,
ಒಳಗೆ ಮಲಗಿದ್ದವರು ಮಗ್ಗುಲು ಬದಲಿಸಿದ ಸದ್ದು.
ಕ್ವಿಂಟಾಲುಗಟ್ಟಲೆ ನಿದ್ದೆ ತೂಗಿ ಚೀಟಿ ಬರೆದೆ.
ಯಾವುದೂ ಎದ್ದ ವರದಿಯಿಲ್ಲ.

ಪುಷ್ಯದಲ್ಲಿ ಗೋಡೆ ತಣ್ಣಗಾಯಿತು.
ಒಂದು ದಿನ, ಎರಡು, ಐದು.
ಚಿಮಣಿ ಒಡೆದಿದೆಯಂತೆ,
ಗಾರೆಯವನು ಮದುವೆಗೆಂದು ಚಿಂತಾಮಣಿಗೆ ಹೋಗಿದ್ದಾನಂತೆ.
ಗೋಣಿ ಹೊದಿಸಿದೆ. ನಿವೃತ್ತಿಯ ದಿನ ಹೊದಿಸಿದ್ದ ಶಾಲನ್ನೂ ಹೊದಿಸಿದೆ.
ಬ್ಯಾಡಗಿಯ ತುದಿ ಕಪ್ಪಾಯಿತು. ಬಜ್ಜಿಯದು ಮೆತ್ತಗಾಯಿತು.
ದೊಣ್ಣೆಮೆಣಸು ಸತ್ತದ್ದನ್ನು ಗಿರಿಜಾಂಬನಿಗೆ ಹೇಳಲಿಲ್ಲ;
ಅವಳೂ ಕೇಳಲಿಲ್ಲ.

ಆರನೆಯ ರಾತ್ರಿ ಗೋಡೆಯ ಮೇಲಿಂದ ದನಿ:
“ಚಾಚಾ, ಗಿಡ ಈ ಕಡೆ ಕೊಡಿ, ನಮ್ಮ ಅಡುಗೆಮನೆ ಬೆಚ್ಚಗಿದೆ.”
ಕತ್ತಲಲ್ಲಿ ಒಂದೊಂದೇ ಎತ್ತಿ ಕೊಟ್ಟೆ.
ಅತ್ತಲಿನ ಕೈ ಹಿಡಿದ ಮೇಲೂ
ಇತ್ತಲಿನದು ಬಿಡಲು ತುಸು ತಡ ಮಾಡಿತು.
ನೂರಾ ಹದಿನಾರು ಬಂದಾಗ ನಕ್ಕಳು:
“ಇದಾ! ಇದರ ಒಂದು ಕಾಯಿಗೆ
ನಮ್ಮತ್ತೆ ಮೂರು ಲೋಟ ಮಜ್ಜಿಗೆ ಕುಡಿದಿದ್ರು.”

ರಥಸಪ್ತಮಿ ಕಳೆಯಿತು. ಗಾರೆಯವನು ಬಂದ, ಗೋಡೆಗೆ ಬಿಸಿ ಬಂತು.
ಗಿಡಗಳು ಮಾತ್ರ ಇನ್ನೂ ಆಚೆಗೇ.
ಇವತ್ತು ನಸುಕಿನಲ್ಲಿ ಕೂಗಿ ಕೇಳಿದೆ, “ನೀರು ಬೇಕಾ ಅದಕ್ಕೆ?”
“ಎತ್ತಿ ನೋಡ್ದೆ ಚಾಚಾ. ಗೂಡಿನಷ್ಟು ಹಗುರ. ಒಂದು ಲೋಟ ಹಾಕ್ದೆ.”
ಯಾರು ಕಲಿಸಿದರೋ.
ಆಮೇಲೆ ತುಸು ತಡೆದು,
“ಕವಲಿನ ಸಂದಿಯಲ್ಲಿ ಸಾಸಿವೆಯಷ್ಟು ಏನೋ ಇದೆ,
ಹುಳವೋ ಚಿಗುರೋ ಗೊತ್ತಾಗ್ತಿಲ್ಲ,
ಟಾರ್ಚ್ ತರ್ತೀನಿ, ಇರಿ.”

ಇದ್ದೇನೆ,
ಗೋಡೆಗೆ ಅಂಗೈ ಒತ್ತಿ.